ಶ್ರೀ ವಾಣಿವಿಲಾಸ ಸನ್ನಿಧಾನದವರು ಮತ್ತು ಹೆಣ್ಣುಮಕ್ಕಳ ಪಾಠಶಾಲೆ

ಪ್ರಥಮ ತೀರ್ಥಂಕರರಾದ ಭಗವಾನ್ ಆದಿನಾಥ ಸ್ವಾಮಿಯವರು ಗೃಹಸ್ಥಾಶ್ರಮದಲ್ಲಿದ್ದಾಗ ತಮ್ಮ ಪುತ್ರಿಯರಾದ ಬ್ರಾಹ್ಮೀ ಮತ್ತು ಸುಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅಕ್ಷರವನ್ನೂ ಅಂಕಗಣಿತವನ್ನೂ ಉಪದೇಶಿಸಿದರೆಂಬ ವೃತ್ತಾಂತವು ಆದಿಪುರಾಣದಿಂದ ಸರ್ವ ಶ್ರಾವಕರಿಗೂ ತಿಳಿದಿರುವುದೇ ಆಗಿದೆ. ಜಿನಸೇನಾಚಾರ್ಯರ ಗ್ರಂಥದಲ್ಲಿ ಪುತ್ರಿಯರ ವಿದ್ಯಾಭ್ಯಾಸದ ಪ್ರಸಂಗವು ಮೊದಲು ಬಂದು, ಭರತ ಬಾಹುಬಲಿಯರೇ ಮೊದಲಾದ ಪುತ್ರರ ವಿದ್ಯಾಭ್ಯಾಸದ ಪ್ರಸಂಗವು ಅದರ ತರುವಾಯ ಬರುತ್ತದೆ. ಹೀಗೆ ಈ ಯುಗದ ಮೊದಲ ಪಾಠಶಾಲೆಯು ತಂದೆಯ ಮನೆಯಲ್ಲಿಯೇ ನಡೆಯಿತು. ಅದರ ಮೊದಲ ವಿದ್ಯಾರ್ಥಿಗಳು ಇಬ್ಬರು ಹೆಣ್ಣುಮಕ್ಕಳು. ಮುಂದೆ ಆ ಬ್ರಾಹ್ಮಿಯೇ ಸಮವಸರಣದಲ್ಲಿ ಆರ್ಯಿಕೆಯರ ಗಣಕ್ಕೆ ಅಗ್ರಗಣ್ಯಳಾದಳು.

ಕನ್ನಡ ನಾಡಿನಲ್ಲಿಯೂ ಈ ಪರಂಪರೆಯು ಬಹುಕಾಲ ನಡೆದುಬಂದಿತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಶಾಸ್ತ್ರದಾನ ಮಾಡಿದ ಪುಣ್ಯವತಿ. ಆಕೆ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. ಆದರೆ ಕಾಲಾಂತರದಲ್ಲಿ ಈ ದೇಶದ ಎಲ್ಲ ಸಮಾಜಗಳಲ್ಲಿಯೂ ಹೆಣ್ಣುಮಗಳ ಕೈಯಿಂದ ಓಲೆಯೂ ಕಂಠವೂ ಜಾರಿಹೋದವು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಓದುಬರಹ ಬಲ್ಲ ಹೆಂಗಸನ್ನು ಕಾಣುವುದೇ ದುರ್ಲಭವಾಗಿತ್ತು. 1901ನೆಯ ಇಸವಿಯ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಸ್ತ್ರೀಯರಲ್ಲಿ ಅಕ್ಷರಸ್ಥರ ಸಂಖ್ಯೆಯು ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. ಅಂತಹ ಕಾಲದಲ್ಲಿ ಹೆಣ್ಣುಮಕ್ಕಳ ಪಾಠಶಾಲೆಗೆ ತಮ್ಮ ಹೆಸರನ್ನೂ ಆಶ್ರಯವನ್ನೂ ಕೊಟ್ಟು, ಅದು ಕಾಲೇಜಾಗುವವರೆಗೆ ಪೋಷಿಸಿದ ಮಹನೀಯರು ಮೈಸೂರಿನ ಮಹಾರಾಣಿ ಶ್ರೀಮತಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳು ಅಂದು ಅವರ ಆಳ್ವಿಕೆಗೆ ಸೇರಿದ ನಾಡೇ ಆಗಿದ್ದುವು. ಜಿನಬಿಂಬ ಪ್ರತಿಷ್ಠೆಯ ಈ ಶುಭ ಸಂದರ್ಭದಲ್ಲಿ ಅವರ ಚರಿತ್ರೆಯನ್ನು ಸ್ಮರಿಸುವುದು ಉಚಿತವಾಗಿದೆ.

ಜನನ, ವಿವಾಹ

ನಂಜನಗೂಡಿನ ಸಮೀಪದ ಕಳಲೆಯು ಮೈಸೂರಿನ ದಳವಾಯಿಗಳ ಊರು. ಆ ಮನೆತನದ ನರಸರಾಜ ಅರಸಿನವರ ಪುತ್ರಿಯಾಗಿ ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಜನಿಸಿದರು. ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ಸ್ವೀಕರಿಸಿದ್ದ ಚಾಮರಾಜೇಂದ್ರ ಒಡೆಯರು ಪ್ರಾಪ್ತವಯಸ್ಕರಾಗುವುದನ್ನು ಎಲ್ಲರೂ ಎದುರು ನೋಡುತ್ತಿದ್ದರು. 1878ನೆಯ ಇಸವಿ ಮೇ ತಿಂಗಳಲ್ಲಿ ಕೆಂಪನಂಜಮ್ಮಣ್ಣಿಯವರಿಗೆ ಚಾಮರಾಜೇಂದ್ರ ಒಡೆಯರೊಡನೆ ವಿವಾಹವಾಯಿತು. ವಧುವಿನ ವಯಸ್ಸು ಆಗ ಹನ್ನೆರಡು ವರ್ಷ ಮಾತ್ರ. ಅಂದಿನ ರೂಢಿಯಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ಎಷ್ಟೋ ಮನೆಗಳಲ್ಲಿ ಅದಕ್ಕಿಂತ ಎಳೆಯ ಕೂಸುಗಳಿಗೆ ಧಾರೆ ಎರೆಯುತ್ತಿದ್ದರು. ಇಂದಿನ ಮಕ್ಕಳು ಏಳನೆಯ ತರಗತಿಯಲ್ಲಿ ಕುಳಿತಿರುವ ವಯಸ್ಸಿಗೆ ಅವರು ರಾಜಗೃಹದ ಸೊಸೆಯಾಗಿ ಅಂತಃಪುರವನ್ನು ಪ್ರವೇಶಿಸಿದರು. ಪಾಠಶಾಲೆಯ ಹಲಗೆಯ ಮೇಲೆ ಓರಗೆಯ ಮಕ್ಕಳೊಡನೆ ಕುಳಿತು ಕಲಿಯುವ ಭಾಗ್ಯವು ಅವರಿಗೆ ಲಭಿಸಲಿಲ್ಲ.

1881ನೆಯ ಇಸವಿ ಮಾರ್ಚ್ 25ರಂದು ಸಂಸ್ಥಾನವು ಅರಸು ಮನೆತನಕ್ಕೆ ಹಿಂದಿರುಗಿತು. ಚಾಮರಾಜೇಂದ್ರ ಒಡೆಯರು ಸಿಂಹಾಸನವನ್ನೇರಿದರು. ಹದಿನೈದು ವರ್ಷದ ಕೆಂಪನಂಜಮ್ಮಣ್ಣಿಯವರು ಮಹಾರಾಣಿಯಾದರು. ಅವರಿಗೆ ಸಂತಾನವಾಗಿ ಇಬ್ಬರು ಪುತ್ರರೂ ಮೂವರು ಪುತ್ರಿಯರೂ ಇದ್ದರು. ಜ್ಯೇಷ್ಠಪುತ್ರರಾದ ನಾಲ್ವಡಿ ಕೃಷ್ಣರಾಜ ಒಡೆಯರು 1884ರಲ್ಲಿಯೂ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು 1888ರಲ್ಲಿಯೂ ಜನಿಸಿದರು. ಪುತ್ರಿಯರು ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ ಮತ್ತು ಚೆಲುವಾಜಮ್ಮಣ್ಣಿಯವರು.

ಮಹಾರಾಣಿಯವರ ಹೆಸರಿನ ಪಾಠಶಾಲೆ

ರಾಜ್ಯವು ಹಿಂದಿರುಗಿದ ಆ 1881ನೆಯ ವರ್ಷದಲ್ಲಿಯೇ ಮೈಸೂರು ನಗರದಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಪಾಠಶಾಲೆಯು ಆರಂಭವಾಯಿತು. ಅದರ ಸ್ಥಾಪಕರು ಅರಮನೆಯ ದರ್ಬಾರ್ ಬಕ್ಷಿಯಾಗಿದ್ದ ಅಂಬಳೆ ನರಸಿಂಹ ಅಯ್ಯಂಗಾರ್ಯರು. ಸರ್ಕಾರದ ಇಲಾಖೆಯು ತೆರೆದ ಶಾಲೆ ಅದಾಗಿರಲಿಲ್ಲ. ಅರಮನೆಯ ಆಶ್ರಯದಿಂದಲೂ ಊರಿನ ಹಿರಿಯರ ಸಮಿತಿಯ ಆಡಳಿತದಿಂದಲೂ ಸ್ವತಂತ್ರವಾಗಿ ನಡೆದ ಶಾಲೆ. ಮಹಾರಾಣಿಯವರ ಹೆಸರನ್ನೇ ಅದಕ್ಕೆ ಇಟ್ಟರು.

ಹೆಣ್ಣುಮಕ್ಕಳ ಶಾಲೆ ಎಂಬುದು ಅಷ್ಟರಲ್ಲಿ ದೇಶಕ್ಕೆ ಪೂರ್ಣ ಹೊಸದೇನೂ ಅಲ್ಲ. ಪುಣೆಯಲ್ಲಿ ಜ್ಯೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆಯವರು 1848ರಲ್ಲಿ ಶಾಲೆ ತೆರೆದು ಕಲ್ಲು ಸೆಗಣಿಗಳ ಪ್ರಹಾರವನ್ನು ಸಹಿಸಿದ್ದರು. ಕಲ್ಕತ್ತೆಯಲ್ಲಿ ಬೆಥೂನ್ ಎಂಬ ಆಂಗ್ಲ ಅಧಿಕಾರಿಯು 1849ರಲ್ಲಿ 21 ಮಂದಿ ಬಾಲಿಕೆಯರೊಡನೆ ಪಾಠಶಾಲೆಯನ್ನು ತೆರೆದಿದ್ದನು. ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು ಅದಕ್ಕೆ ಕಾರ್ಯದರ್ಶಿಗಳಾಗಿದ್ದರು. ಬೆಂಗಳೂರಿನಲ್ಲಿಯೂ ಕ್ರೈಸ್ತ ಮಿಷನ್ನಿನವರು ಹೆಣ್ಣುಮಕ್ಕಳ ಶಾಲೆಗಳನ್ನು ಅದಕ್ಕೆ ಬಹು ಮೊದಲೇ ನಡೆಸುತ್ತಿದ್ದರು. ಆದರೆ ಮೈಸೂರಿನ ಸಂಪ್ರದಾಯಸ್ಥ ಮನೆಗಳವರು ಮಕ್ಕಳನ್ನು ಅಲ್ಲಿಗೆ ಕಳುಹಿಸಲು ಒಪ್ಪುತ್ತಿರಲಿಲ್ಲ. ಮಗಳು ಶಾಲೆಗೆ ಹೋದರೆ ಮತವನ್ನು ಬಿಟ್ಟಾಳು, ಮನೆಯ ಆಚಾರವನ್ನು ಮರೆತಾಳು, ಬೀದಿಯಲ್ಲಿ ಕಂಡವರ ಬಾಯಿಗೆ ಬಿದ್ದಾಳು, ಕೊನೆಗೆ ವರ ಸಿಕ್ಕದೆ ಹೋದಾನು ಎಂಬ ಭಯಗಳು ತಂದೆತಾಯಿಗಳ ಮನಸ್ಸಿನಲ್ಲಿದ್ದುವು. ಅಕ್ಷರ ಕಲಿತ ಹೆಣ್ಣು ಬೇಗ ವಿಧವೆಯಾಗುವಳೆಂಬ ಮೂಢನಂಬಿಕೆಯೂ ಎಷ್ಟೋ ಮನೆಗಳಲ್ಲಿತ್ತು.

ನರಸಿಂಹ ಅಯ್ಯಂಗಾರ್ಯರು ಈ ಭಯಗಳನ್ನು ಹೀಯಾಳಿಸಲಿಲ್ಲ. ಒಂದೊಂದಕ್ಕೂ ಪರಿಹಾರವನ್ನು ಶಾಲೆಯ ಏರ್ಪಾಡಿನಲ್ಲಿಯೇ ಒದಗಿಸಿದರು. ಶಾಲೆಯು ಹಗಲಿನ ಶಾಲೆ. ಮಗು ಬೆಳಗ್ಗೆ ಹೋಗಿ ಸಂಜೆಗೆ ತಾಯಿಯ ಮಡಿಲಿಗೆ ಹಿಂದಿರುಗುವುದು. ಊಟ ಉಪಚಾರ, ವ್ರತ ನಿಯಮ, ದೇವರ ಪೂಜೆ ಇವೆಲ್ಲವೂ ಅವರವರ ಮನೆಯಲ್ಲಿ ಅವರವರ ಪದ್ಧತಿಯಂತೆಯೇ ನಡೆಯುವುವು. ಬೀದಿಯ ಭಯಕ್ಕೆ ಪರಿಹಾರವಾಗಿ ಮುಚ್ಚಿದ ಗಾಡಿಗಳ ವ್ಯವಸ್ಥೆಯಾಯಿತು. ಮನೆ ಬಾಗಿಲಿಂದ ಮಕ್ಕಳನ್ನು ಕರೆತಂದು ಮತ್ತೆ ಮನೆ ಬಾಗಿಲಿಗೆ ಬಿಡಲು ಹಿರಿಯ ಹೆಂಗಸರನ್ನು ನೇಮಿಸಲಾಯಿತು. ಆಚಾರದ ಭಯಕ್ಕೆ ಪರಿಹಾರವಾಗಿ ಊರಿಗೆಲ್ಲ ಪರಿಚಿತರಾದ ವೃದ್ಧ ಪಂಡಿತರು ಪಾಠ ಹೇಳತೊಡಗಿದರು. ಕನ್ನಡ, ಸಂಸ್ಕೃತ, ಲೆಕ್ಕ, ಚರಿತ್ರೆ, ಭೂಗೋಳಗಳ ಜೊತೆಗೆ ಹಾಡು, ವೀಣೆ, ಹೊಲಿಗೆ ಕಸೂತಿಗಳನ್ನೂ ಪಾಠಕ್ರಮದಲ್ಲಿ ಸೇರಿಸಿದುದರಿಂದ ಮಗಳು ಮನೆಗೆ ಬಂದು ಸಂಜೆ ದೀಪದ ಮುಂದೆ ಒಂದು ದೇವರನಾಮ ಹಾಡಿದಾಗ ಅಜ್ಜಿಯ ಕೋಪವೂ ಇಳಿಯುತ್ತಿತ್ತು. ಇಂಗ್ಲಿಷನ್ನು ಬೇಕಾದವರಿಗೆ ಕಲಿಸಿದರು.

ಇವೆಲ್ಲಕ್ಕಿಂತ ಮಿಗಿಲಾದ ಪರಿಹಾರವೆಂದರೆ ಮಹಾರಾಣಿಯವರ ಹೆಸರು. ಸ್ವತಃ ಮಹಾರಾಣಿಯವರ ಆಶ್ರಯದಲ್ಲಿರುವ ಶಾಲೆಗೆ ಮಗಳನ್ನು ಕಳುಹಿಸುವುದು ಅಗೌರವವೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಂಗಡಿಯ ಹಲಗೆಯ ಮೇಲೆ ನಂಬಿಗಸ್ತನ ಹೆಸರಿದ್ದರೆ ಗಿರಾಕಿಯು ಅಂಜದೆ ಒಳಗೆ ಬರುವಂತೆ, ಆ ಹೆಸರನ್ನು ನಂಬಿ ಜನರು ತಮ್ಮ ಮನೆಯ ಅತ್ಯಮೂಲ್ಯ ವಸ್ತುವಾದ ಮಗಳನ್ನು ಒಂದು ಹಗಲಿನ ಮಟ್ಟಿಗೆ ಆ ಶಾಲೆಗೆ ಒಪ್ಪಿಸಿದರು. ನಂಬಿಕೆಯೇ ಆ ಶಾಲೆಯ ಮೂಲಧನ.

ಆ ಶಾಲೆಯಲ್ಲಿ ಕೊರತೆಯೂ ಇದ್ದಿತು. ಮೊದಮೊದಲು ಅದು ಮೇಲ್ಜಾತಿಯೆನಿಸಿಕೊಂಡ ಮನೆಗಳ ಹೆಣ್ಣುಮಕ್ಕಳಿಗೆ ಮಾತ್ರ ತೆರೆದಿತ್ತು. ಸಮವಸರಣದಲ್ಲಿ ಸರ್ವ ಜೀವಿಗಳಿಗೂ ಸ್ಥಾನವಿದೆಯೆಂದು ತಿಳಿದವರಿಗೆ ಇದು ಒಪ್ಪುವ ಮಾತಲ್ಲ. ಕಾಲಕ್ರಮದಲ್ಲಿ ಆ ಕಟ್ಟು ಸಡಿಲಿ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆಯಿತು.

ಮದುವೆಯ ವಯಸ್ಸೂ ಓದಿನ ವರ್ಷಗಳೂ

ಶಾಲೆಗೆ ಮಕ್ಕಳು ಬಂದರು, ಆದರೆ ನಿಲ್ಲಲಿಲ್ಲ. ಏಳೆಂಟು ವರ್ಷಕ್ಕೆ ಬಂದ ಬಾಲಿಕೆಯು ಕಾಗುಣಿತವನ್ನು ಮುಗಿಸಿ ಪುಸ್ತಕ ಹಿಡಿಯುವಷ್ಟರಲ್ಲಿ ಮದುವೆಯ ಮಾತು ಬಂದು, ಅವಳ ಜಾಗವು ಬರಿದಾಗುತ್ತಿತ್ತು. ಹೆಣ್ಣುಮಕ್ಕಳ ಹಗಲು ಶಾಲೆಗೆ ದೊಡ್ಡ ಕಂಟಕವು ಹಣದ ಅಭಾವವೂ ಅಲ್ಲ, ಉಪಾಧ್ಯಾಯರ ಅಭಾವವೂ ಅಲ್ಲ. ಬಾಲ್ಯವಿವಾಹವೇ ಅದಕ್ಕೆ ಕಂಟಕ. ಹನ್ನೆರಡನೆಯ ವಯಸ್ಸಿನಲ್ಲಿಯೇ ವಧುವಾಗಿದ್ದ ಮಹಾರಾಣಿಯವರಿಗೆ ಇದು ಸ್ವಂತ ಬಾಳಿನಿಂದಲೇ ತಿಳಿದ ಸಂಗತಿ.

1894ರಲ್ಲಿ ಚಾಮರಾಜೇಂದ್ರ ಒಡೆಯರ ಸರ್ಕಾರವು ಶಿಶುವಿವಾಹ ನಿಷೇಧದ ಕಾನೂನನ್ನು ಜಾರಿಗೆ ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದೂ, ಐವತ್ತು ದಾಟಿದ ಪುರುಷನು ಹದಿನಾಲ್ಕು ತುಂಬದ ಹುಡುಗಿಯನ್ನು ವಿವಾಹವಾಗುವುದೂ ಅದರ ಪ್ರಕಾರ ಅಪರಾಧವಾಯಿತು. ಎಂಟು ವರ್ಷವೆಂಬ ಮಿತಿಯು ಇಂದಿನವರಿಗೆ ನಗೆಯನ್ನೋ ದುಃಖವನ್ನೋ ತರಬಹುದು. ಅಂದು ಅಷ್ಟಕ್ಕೂ ಪ್ರಬಲವಾದ ವಿರೋಧವಿತ್ತು. ಭಾರತ ದೇಶದಲ್ಲಿಯೇ ಇಂತಹ ಕಾನೂನನ್ನು ಮೊದಮೊದಲು ಮಾಡಿದ ಸಂಸ್ಥಾನಗಳಲ್ಲಿ ಮೈಸೂರೂ ಒಂದು. ಆಮೇಲೆ 1929ರ ಶಾರದಾ ಕಾಯಿದೆಯು ಹೆಣ್ಣಿಗೆ ಹದಿನಾಲ್ಕು ವರ್ಷವನ್ನೂ, 1978ರ ತಿದ್ದುಪಡಿಯು ಹದಿನೆಂಟು ವರ್ಷವನ್ನೂ ಕನಿಷ್ಠ ವಯಸ್ಸಾಗಿ ನಿಗದಿಪಡಿಸಿದುವು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷಗಳು ಹಿಡಿದುವು. ಹೀಗೆ ಕೂಡಿಬಂದ ಒಂದೊಂದು ವರ್ಷವೂ ಹೆಣ್ಣುಮಗಳಿಗೆ ಶಾಲೆಯಲ್ಲಿ ಕುಳಿತುಕೊಳ್ಳಲು ಸಿಕ್ಕಿದ ವರ್ಷವೆಂದೇ ಲೆಕ್ಕ ಹಿಡಿಯಬೇಕು.

ವೈಧವ್ಯ ಮತ್ತು ರಾಜ್ಯಭಾರ

ಅದೇ 1894ನೆಯ ಇಸವಿಯ ಕೊನೆಯಲ್ಲಿ ಮಹಾರಾಣಿಯವರ ಬಾಳಿನ ಮೇಲೆ ಸಿಡಿಲೆರಗಿತು. ಚಾಮರಾಜೇಂದ್ರ ಒಡೆಯರು ಕುಟುಂಬ ಸಮೇತರಾಗಿ ಕಲ್ಕತ್ತೆಗೆ ಪ್ರಯಾಣ ಮಾಡಿದ್ದಾಗ ಗಂಟಲುಮಾರಿ ರೋಗಕ್ಕೆ ತುತ್ತಾಗಿ ಡಿಸೆಂಬರ್ 28ರಂದು ಅಲ್ಲಿಯೇ ಸ್ವರ್ಗಸ್ಥರಾದರು. ಅವರಿಗೆ ಮೂವತ್ತೆರಡು ವರ್ಷವೂ ತುಂಬಿರಲಿಲ್ಲ. ಮಹಾರಾಣಿಯವರಿಗೆ ಇಪ್ಪತ್ತೆಂಟು, ಪಟ್ಟಕ್ಕೆ ಬರಬೇಕಾದ ಮಗನಿಗೆ ಹತ್ತು ವರ್ಷ. ದೂರದ ಊರಿನಲ್ಲಿ ಪತಿಯನ್ನು ಕಳೆದುಕೊಂಡು, ಎಳೆಯ ಮಕ್ಕಳೊಡನೆ ಅವರು ಮೈಸೂರಿಗೆ ಮರಳಿದರು.

ಅಂದಿನ ಸಮಾಜದಲ್ಲಿ ವಿಧವೆಯ ಸ್ಥಿತಿಯು ಹೇಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಮನೆಯ ಶುಭಕಾರ್ಯಗಳಿಂದಲೇ ದೂರ ನಿಲ್ಲಬೇಕಾಗಿದ್ದ ಸ್ಥಿತಿ ಅದು. ಅಂತಹವರ ಕೈಗೆ ಒಂದು ಸಂಸ್ಥಾನದ ಆಡಳಿತವು ಬಂದಿತು. ಕುಮಾರ ಕೃಷ್ಣರಾಜ ಒಡೆಯರು ಪ್ರಾಪ್ತವಯಸ್ಕರಾಗುವವರೆಗೆ ಮಹಾರಾಣಿಯವರೇ ರೀಜೆಂಟರಾಗಿ ರಾಜ್ಯಭಾರವನ್ನು ವಹಿಸಿಕೊಂಡರು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಅಧ್ಯಕ್ಷತೆಯಲ್ಲಿ ರೀಜೆನ್ಸಿ ಕೌನ್ಸಿಲು ಅವರಿಗೆ ನೆರವಾಯಿತು. ಅಂತಃಪುರದ ಮರ್ಯಾದೆಯನ್ನು ಮೀರದೆ, ವೈಧವ್ಯದ ನೇಮಗಳನ್ನು ಬಿಡದೆ, 1895ರಿಂದ 1902ರವರೆಗೆ ಅವರು ಸಂಸ್ಥಾನದ ಕಾಗದಪತ್ರಗಳನ್ನು ತಿಳಿದು ಅಪ್ಪಣೆ ಕೊಡಿಸುತ್ತ ಬಂದರು.

ಆ ಕಾಲವು ಸುಲಭದ ಕಾಲವಾಗಿರಲಿಲ್ಲ. 1897ರಲ್ಲಿ ಹಿರಿಯ ಪುತ್ರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಮಯದಲ್ಲಿಯೇ ಹಳೆಯ ಅರಮನೆಗೆ ಬೆಂಕಿ ಬಿದ್ದು ಬಹುಭಾಗ ಭಸ್ಮವಾಯಿತು. 1898ರಲ್ಲಿ ಪ್ಲೇಗು ಮಾರಿಯು ಬೆಂಗಳೂರಿಗೆ ಬಂದು ಮೈಸೂರಿಗೂ ಹಬ್ಬಿತು. ಜನರು ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳಲ್ಲಿ ಕಾಲ ಹಾಕಿದರು. ಅಂಗಡಿಗಳಿಗೂ ಶಾಲೆಗಳಿಗೂ ಬೀಗ ಬಿದ್ದಿತು. ಈ ಕಷ್ಟಗಳ ನಡುವೆಯೂ ದೊಡ್ಡ ಕೆಲಸಗಳು ನಡೆದುವು. ಸುಟ್ಟ ಅರಮನೆಯ ಜಾಗದಲ್ಲಿ ಇಂದಿನ ಭವ್ಯ ಅರಮನೆಯ ನಿರ್ಮಾಣವು ಆರಂಭವಾಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ತೆರೆಯಿತು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸಲಾಯಿತು. ಚಿತ್ರದುರ್ಗದ ಬರಸೀಮೆಯ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಣೆಕಟ್ಟನ್ನು ಕಟ್ಟುವ ಕಾರ್ಯವು 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಆ ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದು ಅವರ ಹೆಸರೇ ನಿಂತಿತು.

1902ನೆಯ ಇಸವಿ ಆಗಸ್ಟ್ 8ರಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರವನ್ನು ಒಪ್ಪಿಸಿ ಮಹಾರಾಣಿಯವರು ರಾಜ್ಯಭಾರದಿಂದ ನಿವೃತ್ತರಾದರು. ಶಾಲೆಗೆ ಹೋಗದ ತಾಯಿಯು ತನ್ನ ಮಗನ ಶಿಕ್ಷಣವನ್ನು ಎಷ್ಟು ಎಚ್ಚರದಿಂದ ನೋಡಿಕೊಂಡರೆಂಬುದಕ್ಕೆ, ಮುಂದೆ ರಾಜರ್ಷಿಯೆಂದು ದೇಶವೆಲ್ಲ ಕೊಂಡಾಡಿದ ಆ ಪ್ರಭುವಿನ ಆಳ್ವಿಕೆಯೇ ಸಾಕ್ಷಿ.

ಪಾಠಶಾಲೆಯು ಕಾಲೇಜಾದುದು

ರೀಜೆಂಟರಾಗಿದ್ದ ವರ್ಷಗಳಲ್ಲಿ ಹೆಣ್ಣುಮಕ್ಕಳ ಪಾಠಶಾಲೆಯನ್ನು ಮಹಾರಾಣಿಯವರು ಮರೆಯಲಿಲ್ಲ. ಖಾಸಗಿ ಸಮಿತಿಯ ಕೈಯಲ್ಲಿ ಬೆಳೆದ ಶಾಲೆಯು ಅಷ್ಟರಲ್ಲಿ ಸರ್ಕಾರದ ಆಡಳಿತಕ್ಕೆ ಸೇರಿ ಸ್ಥಿರವಾದ ತಳಹದಿಯನ್ನು ಪಡೆದಿತ್ತು. ಕೆಳಗಿನ ತರಗತಿಗಳ ಮೇಲೆ ಪ್ರೌಢ ತರಗತಿಗಳು, ಅವುಗಳ ಮೇಲೆ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕಾಲೇಜಿನ ತರಗತಿಗಳು ಏರ್ಪಟ್ಟುವು. ಆಗ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯವಿರಲಿಲ್ಲ. ಮದರಾಸಿನ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕುಳಿತುಕೊಳ್ಳಬೇಕಾಗಿತ್ತು. 1906ರಲ್ಲಿ ಈ ಸಂಸ್ಥೆಯ ವಿದ್ಯಾರ್ಥಿನಿಯರು ಬಿ.ಎ. ಪದವಿಯನ್ನು ಪಡೆದು ಸಂಸ್ಥಾನದ ಮೊದಲ ಪದವೀಧರೆಯರಾದರು. ಶಾಲೆಯು ತೆರೆದ ಇಪ್ಪತ್ತೈದನೆಯ ವರ್ಷದಲ್ಲಿ ಬಂದ ಫಲವಿದು. ತೆಂಗಿನ ಸಸಿಯನ್ನು ನೆಟ್ಟವನೂ ಇಷ್ಟು ತಾಳ್ಮೆಯನ್ನು ಇಟ್ಟುಕೊಳ್ಳಬೇಕಾಗಿಲ್ಲ.

ಈ ಫಲದಲ್ಲಿ ಬಾಲವಿಧವೆಯರ ಪಾಲು ದೊಡ್ಡದು. ಎಳೆಯ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡು ತವರಿನ ಮೂಲೆಯಲ್ಲಿ ಕುಳಿತಿದ್ದ ಹಲವರು ಮತ್ತೆ ಪುಸ್ತಕ ಹಿಡಿದು ಓದಿ ಉಪಾಧ್ಯಾಯಿನಿಯರಾದರು. ಹೆಣ್ಣುಮಕ್ಕಳಿಗೆ ಹೆಂಗಸರೇ ಪಾಠ ಹೇಳಬೇಕೆಂಬುದು ತಂದೆತಾಯಿಗಳ ಇಚ್ಛೆ. ಪಾಠ ಹೇಳಬಲ್ಲ ಹೆಂಗಸರು ಮೊದಲು ಎಲ್ಲಿಯೂ ಇರಲಿಲ್ಲ. ಒಂದು ತಲೆಮಾರಿನ ವಿದ್ಯಾರ್ಥಿನಿಯರು ಮುಂದಿನ ತಲೆಮಾರಿಗೆ ಗುರುಗಳಾದಾಗ ಆ ಕೊರತೆಯು ನೀಗಿತು. ಪರರ ಅನ್ನಕ್ಕೆ ಕೈಯೊಡ್ಡಬೇಕಾಗಿದ್ದವರು ತಿಂಗಳ ಸಂಬಳದಿಂದ ತಮ್ಮ ಮರ್ಯಾದೆಯನ್ನು ಕಾಪಾಡಿಕೊಂಡುದಲ್ಲದೆ, ದೂರದ ಊರುಗಳಿಗೂ ಹೋಗಿ ಅಕ್ಷರವನ್ನು ಹಂಚಿದರು. ಮೈಸೂರಿನ ವೃದ್ಧಪಿತಾಮಹರೆನಿಸಿದ ಎಂ. ವೆಂಕಟಕೃಷ್ಣಯ್ಯನವರಂತಹ ಹಿರಿಯರು ಪತ್ರಿಕೆಗಳ ಮೂಲಕ ಸ್ತ್ರೀವಿದ್ಯೆಯ ಪರವಾಗಿ ಜನಾಭಿಪ್ರಾಯವನ್ನು ರೂಪಿಸಿದರು.

ಇದೇ ಕಾಲದಲ್ಲಿ ಜೈನ ಸಮಾಜದಲ್ಲಿಯೂ ಈ ಎಚ್ಚರವು ಮೂಡುತ್ತಿತ್ತು. ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ ಹೀರಾಚಂದರ ಪುತ್ರಿ ಮಗನ್‌ಬಾಯಿಯವರು ಶ್ರಾವಿಕಾಶ್ರಮವನ್ನು ನಡೆಸಿದರು. ಬಿಹಾರದ ಆರಾ ಪಟ್ಟಣದಲ್ಲಿ ಪಂಡಿತೆ ಚಂದಾಬಾಯಿಯವರು 1921ರಲ್ಲಿ ಜೈನ ಬಾಲಾವಿಶ್ರಾಮವನ್ನು ಸ್ಥಾಪಿಸಿದರು. ಇವರಿಬ್ಬರೂ ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಅನುಭವಿಸಿದವರು. ಅವರ ಆಶ್ರಮಗಳು ಅನಾಥೆಯರಿಗೂ ವಿಧವೆಯರಿಗೂ ವಸತಿ ಕೊಟ್ಟು ಕಲಿಸಿದುವು. ಆಶ್ರಮವು ಮನೆಯಿಲ್ಲದವಳಿಗೆ ಮನೆಯಾಯಿತು. ಹಗಲು ಶಾಲೆಯು ಮನೆಯಿದ್ದವಳನ್ನು ಮನೆಯಿಂದ ಅಗಲಿಸದೆ ಕಲಿಸಿತು. ಎರಡೂ ಬೇಕಾದುವೇ. ಆದರೆ ಊರೂರಿಗೂ ಹಬ್ಬಬಲ್ಲುದು ಹಗಲು ಶಾಲೆ; ಏಕೆಂದರೆ ಅದರ ಅರ್ಧ ಖರ್ಚನ್ನೂ ಪೂರ್ಣ ಜವಾಬ್ದಾರಿಯನ್ನೂ ಮನೆಯವರೇ ಹೊರುತ್ತಾರೆ.

ಕೊನೆಯ ವರ್ಷಗಳು

ರಾಜ್ಯಭಾರದಿಂದ ಬಿಡುಗಡೆ ಹೊಂದಿದ ಮೇಲೆ ಮಹಾರಾಣಿಯವರು ಮೂರು ದಶಕಗಳ ಕಾಲ ರಾಜಮಾತೆಯಾಗಿ ಬಾಳಿದರು. ಆ ವರ್ಷಗಳಲ್ಲಿ ದುಃಖಗಳೂ ತಪ್ಪಲಿಲ್ಲ. ಪುತ್ರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ಅಕಾಲದಲ್ಲಿ ಅಗಲಿದರು. ಮೈಸೂರಿನ ಕ್ಷಯರೋಗ ಚಿಕಿತ್ಸಾಲಯಕ್ಕೆ ಆ ರಾಜಕುಮಾರಿಯ ಹೆಸರೇ ಉಳಿಯಿತು; ಒಂದು ಮನೆಯ ಶೋಕವು ಸಾವಿರಾರು ಮನೆಗಳಿಗೆ ಔಷಧದಾನವಾಗಿ ಪರಿಣಮಿಸಿತು.

ಇತ್ತ ಮಗನ ಆಳ್ವಿಕೆಯಲ್ಲಿ, ತಾಯಿಯ ಕಾಲದಲ್ಲಿ ಬಿತ್ತಿದ ಬೀಜಗಳು ಬೆಳೆದುವು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ಬಂದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮಹಾರಾಣಿ ಕಾಲೇಜು ಆ ವಿಶ್ವವಿದ್ಯಾನಿಲಯದ ಒಂದು ಅಂಗವಾಯಿತು.

ಮೈಸೂರಿನ ಅರಸು ಮನೆತನಕ್ಕೂ ಜೈನ ಧರ್ಮಕ್ಕೂ ಇದ್ದ ಸಂಬಂಧವು ಪ್ರಾಚೀನವಾದುದು. ಕನಕಗಿರಿಯ ದೇವಚಂದ್ರನು ರಾಜಾವಳೀಕಥೆಯನ್ನು ರಚಿಸಿದುದು ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಿಂದ. ಜೈನ ಪರಂಪರೆಯ ಆ ಅಮೂಲ್ಯ ಚರಿತ್ರೆಯು ಉಳಿದುಬರಲು ಓದಿನಲ್ಲಿ ಆಸಕ್ತಿಯಿದ್ದ ಒಬ್ಬ ರಾಜಸ್ತ್ರೀಯೇ ಕಾರಣಳಾದಳೆಂಬುದನ್ನು ಮರೆಯಲಾಗದು. 1925ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಭಾಗವಹಿಸಿ ಶ್ರೀ ಗೊಮ್ಮಟೇಶ್ವರ ಸ್ವಾಮಿಗೆ ಭಕ್ತಿಯನ್ನು ಸಲ್ಲಿಸಿದರು.

1934ನೆಯ ಇಸವಿ ಜುಲೈ ತಿಂಗಳಲ್ಲಿ ಶ್ರೀ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನಲ್ಲಿ ದೇಹತ್ಯಾಗ ಮಾಡಿದರು. ಅವರಿಗೆ ಅರವತ್ತೆಂಟು ವರ್ಷವಾಗಿತ್ತು. ಮರುವರ್ಷ ಬೆಂಗಳೂರಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆಯು ತೆರೆಯಿತು. ನೀರಿಗೂ ಔಷಧಕ್ಕೂ ವಿದ್ಯೆಗೂ ಒಬ್ಬರ ಹೆಸರೇ ಹೀಗೆ ನಿಲ್ಲುವುದು ಅಪರೂಪ. ಶ್ರಾವಕರು ಆಹಾರ, ಅಭಯ, ಔಷಧ, ಶಾಸ್ತ್ರವೆಂದು ಎಣಿಸುವ ಚತುರ್ವಿಧ ದಾನಗಳ ಲೆಕ್ಕದಲ್ಲಿ ನೋಡಿದರೂ ಆ ಬಾಳು ತುಂಬಿದ ಬಾಳು.

ಈ ಸೀಮೆಯ ಹೆಣ್ಣುಮಕ್ಕಳು

ಮಹಾರಾಣಿಯವರ ಕಾಲದಲ್ಲಿ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು; ನ್ಯಾಮತಿಯು ಹೊನ್ನಾಳಿಯ ಅಂಗವಾಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಇವು ಒಂದೇ ಜಿಲ್ಲೆಗೆ ಬಂದುವು. ಸ್ತ್ರೀಯರ ಕೀರ್ತಿಗೆ ಈ ಸೀಮೆಯಲ್ಲಿ ಬರವಿಲ್ಲ. ಚನ್ನಗಿರಿಯ ಹೆಸರಿನೊಡನೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ನೆನಪು ಬೆರೆತಿದೆ. ಸೂಳೆಕೆರೆಯೆಂದು ಹೆಸರಾದ ಶಾಂತಿಸಾಗರವು ಶಾಂತವ್ವೆಯೆಂಬ ಹೆಣ್ಣುಮಗಳ ಸಂಕಲ್ಪದಿಂದ ಆಯಿತೆಂದು ಜನರು ಹೇಳುತ್ತ ಬಂದಿದ್ದಾರೆ. ಆದರೂ ಕೆರೆಯನ್ನು ಕಟ್ಟಿಸಬಲ್ಲ ಹೆಣ್ಣಿನ ನಾಡಿನಲ್ಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಹೆಂಗಸರೇ ಬಹುಕಾಲ ತುಂಬಿದ್ದರು.

ಇಲ್ಲಿನ ಹೆಣ್ಣುಮಗಳಿಗೆ ಅಡ್ಡವಾದುದು ಮುಖ್ಯವಾಗಿ ದಾರಿ. ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಮುಗಿದರೆ ಪ್ರೌಢಶಾಲೆಗೆ ಹೋಬಳಿಗೋ ತಾಲ್ಲೂಕು ಸ್ಥಳಕ್ಕೋ ಹೋಗಬೇಕು. ಗಂಡುಹುಡುಗನು ಬುತ್ತಿ ಕಟ್ಟಿಕೊಂಡು ನಡೆದು ಹೋದನು. ಹೆಣ್ಣುಮಗಳನ್ನು ಮನೆಯವರು ನಿಲ್ಲಿಸಿಕೊಂಡರು. ಜಗಳೂರಿನ ಮಳೆಯಿಲ್ಲದ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷ ಮೊದಲು ನಿಲ್ಲುತ್ತಿದ್ದುದು ಮಗಳ ಓದು. ಮೈಸೂರಿನ ಶಾಲೆಯ ಹಿರಿಯರು 1881ರಲ್ಲಿಯೇ ಕಂಡುಕೊಂಡಿದ್ದ ಸತ್ಯವಿದು: ಹಗಲು ಶಾಲೆಯು ಗಂಟೆ ಬಾರಿಸಿದಾಗ ಆರಂಭವಾಗುವುದಿಲ್ಲ, ಮಗು ಮನೆಯ ಹೊಸಿಲು ದಾಟಿದಾಗ ಆರಂಭವಾಗುತ್ತದೆ. ಆ ದಾರಿಗೆ ಅವರು ಗಾಡಿಯನ್ನು ಕಟ್ಟಿದರು. ನೂರಿಪ್ಪತ್ತೈದು ವರ್ಷಗಳ ಅನಂತರ, 2006-07ರಲ್ಲಿ, ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡುವ ಯೋಜನೆಯನ್ನು ಆರಂಭಿಸಿದಾಗ ಅದೇ ಉಪಾಯವು ಬೇರೆ ರೂಪದಲ್ಲಿ ಹಳ್ಳಿಗಳಿಗೆ ಬಂದಿತು. ಸಾಲಾಗಿ ಸೈಕಲ್ಲು ತುಳಿಯುತ್ತ ಹೋಗುವ ಹುಡುಗಿಯರ ದೃಶ್ಯವು ರಸ್ತೆಗಳಲ್ಲಿ ಸಾಮಾನ್ಯವಾಯಿತು. 2023ರಿಂದ ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವೂ ದೊರೆಯಿತು.

ಜೈನ ಸಮಾಜವು ಈ ವಿಷಯದಲ್ಲಿ ಹೆಮ್ಮೆಪಡಲು ಕಾರಣವಿದೆ. 2001ರ ಜನಗಣತಿಯಲ್ಲಿ ದೇಶದ ಜೈನ ಸ್ತ್ರೀಯರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಅಕ್ಷರಸ್ಥರಿದ್ದರು. ದೇಶದ ಪ್ರಮುಖ ಧರ್ಮಗಳ ಸಮಾಜಗಳಲ್ಲಿ ಅದೇ ಅತ್ಯುನ್ನತವಾದ ಸಂಖ್ಯೆ. ಆದರೆ ಅಕ್ಷರ ಬಲ್ಲವಳಾಗುವುದು ಬೇರೆ, ಓದನ್ನು ಮುಗಿಸುವುದು ಬೇರೆ. ಒಳ್ಳೆಯ ಸಂಬಂಧವು ಬಂದಿತೆಂದು ಪದವಿಯ ಕೊನೆಯ ವರ್ಷದಲ್ಲಿ ಮಗಳ ಪುಸ್ತಕವನ್ನು ಮುಚ್ಚಿಸುವ ಮನೆಗಳು, ಅಂಗಡಿಯ ಲೆಕ್ಕವನ್ನು ಅಣ್ಣನಿಗಿಂತ ಚೆನ್ನಾಗಿ ಬರೆಯಬಲ್ಲವಳಿಗೆ ಖಾತೆಯ ಪುಸ್ತಕವನ್ನು ಮುಟ್ಟಗೊಡದ ಮನೆಗಳು ಸ್ಥಿತಿವಂತರಲ್ಲಿಯೂ ಇವೆ. ಸುಂದರಿಗೆ ಅಂಕಗಣಿತವನ್ನು ಕಲಿಸಿದ ತಂದೆಯನ್ನು ಪ್ರಥಮ ತೀರ್ಥಂಕರರೆಂದು ಪೂಜಿಸುವವರು ಈ ವಿಷಯವನ್ನು ಆಲೋಚಿಸಬೇಕು. ಓದಿದ ತಾಯಿಯಿರುವ ಮನೆಯಲ್ಲಿ ಸ್ವಾಧ್ಯಾಯವು ನಿಲ್ಲುವುದಿಲ್ಲ. ಬಸದಿಯ ಶಾಸ್ತ್ರಭಂಡಾರದ ಗ್ರಂಥಗಳು ಬರಿಯ ಅರ್ಚನೆಯ ವಸ್ತುಗಳಾಗದೆ ಓದುವವರ ಕೈಗೆ ಬರುತ್ತವೆ.

ಪಂಚಕಲ್ಯಾಣದ ವಿಧಿಗಳಿಂದ ಶಿಲೆಯು ಜಿನಬಿಂಬವಾಗುವಂತೆ, ವಿದ್ಯೆಯ ಸಂಸ್ಕಾರದಿಂದ ಮಗುವಿನಲ್ಲಿ ಅಡಗಿದ ಜ್ಞಾನವು ಪ್ರಕಟವಾಗುತ್ತದೆ. ಪ್ರತಿಷ್ಠೆಯ ಕಾರ್ಯಕ್ಕೆ ಉದಾರವಾಗಿ ಕೈಯೆತ್ತಿ ಕೊಟ್ಟ ಧರ್ಮಬಂಧುಗಳು, ಮಹೋತ್ಸವವು ಮುಗಿದ ಮೇಲೆ, ತಮ್ಮ ಊರಿನ ಯಾವ ಮನೆಯ ಹೆಣ್ಣುಮಗಳ ಓದು ದಾರಿಯ ದೂರದಿಂದಲೋ, ಶುಲ್ಕದ ಹಣವಿಲ್ಲದೆಯೋ, ಅವಸರದ ಮದುವೆಯಿಂದಲೋ ನಿಲ್ಲುವ ಸ್ಥಿತಿಯಲ್ಲಿದೆಯೆಂಬುದನ್ನು ಒಮ್ಮೆ ವಿಚಾರಿಸಿದರೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಸ್ಮರಣೆಯು ಸಾರ್ಥಕವಾಗುವುದು. ಬ್ರಾಹ್ಮೀ ಸುಂದರಿಯರ ವಿದ್ಯೆಯು ಮನೆಮನೆಯಲ್ಲಿಯೂ ಬೆಳಗಲಿ. ಸರ್ವರಿಗೂ ಸನ್ಮಂಗಳವಾಗಲಿ.